ಆ ಬಯಲನ್ನು ಮಾಡಿದವರು ಯಾರು?

ಹ್ಯೂಯಿ ಲೀ-ಸ್ಮಿತ್ ಬಗ್ಗೆ ಬರೆದವರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ. ಇಪ್ಪತ್ತನೇ ಶತಮಾನದ ಅಮೆರಿಕದ ಕಪ್ಪು ಚಿತ್ರಕಾರರಲ್ಲಿ ಇವರು ಸರ್ರಿಯಲಿಸ್ಟ್. ಖಾಲಿ ಬಯಲು, ಪಾಳುಗೋಡೆ, ದೂರದಲ್ಲೊಂದು ನೀರಿನ ಗೆರೆ, ನಡುವೆ ಒಂಟಿಯಾಗಿ ನಿಂತ ಒಬ್ಬ ಮನುಷ್ಯ. ಇಟಲಿಯ ಡಿ ಕಿರಿಕೊನ ಪ್ರಭಾವ, ಎಡ್ವರ್ಡ್ ಹಾಪರ್‌ನ ನೆಂಟಸ್ತಿಕೆ, ಆಧುನಿಕ ಮನುಷ್ಯನ ಏಕಾಕಿತನ. ಕೊನೆಗೆ 'ಜನಾಂಗವನ್ನು ಮೀರಿದ ಮಾನವ ಅನುಭವ' ಎಂಬ ಶಿಫಾರಸು ಪತ್ರ. ಈ ಮಾತುಗಳಲ್ಲಿ ಒಂದೂ ಪೂರ್ತಿ ಸುಳ್ಳಲ್ಲ. ಆದರೆ ಎಲ್ಲವನ್ನೂ ಒಟ್ಟಿಗಿಟ್ಟು ಓದಿದಾಗ ಚಿತ್ರ ಕೇಳುವ ಮುಖ್ಯ ಪ್ರಶ್ನೆ ಸದ್ದಿಲ್ಲದೆ ಜಾರಿಹೋಗಿರುತ್ತದೆ: ಆ ಬಯಲು ಖಾಲಿಯಾದದ್ದು ಹೇಗೆ?

ನನ್ನ ವಾದ ಇಷ್ಟು. ಲೀ-ಸ್ಮಿತ್ 1950ರ ದಶಕದಲ್ಲಿ ಬರೆದ ಚಿತ್ರಗಳಿಗೆ ಕನಸಿನ ಲೆಕ್ಕ ಹಿಡಿಯುವುದು ತಪ್ಪು. ಕಾನೂನು, ಬ್ಯಾಂಕು, ನಗರಾಡಳಿತ, ಬುಲ್ಡೋಜರ್ ಸೇರಿ ತಯಾರಿಸಿದ ಒಂದು ಬಗೆಯ ಜಾಗವನ್ನು ಅವು ತೋರಿಸುತ್ತವೆ. ಅಲ್ಲಿ ನಿಂತವರ ಒಂಟಿತನವೂ ಹಾಗೆ ತಯಾರಾದದ್ದೇ. 'ಸರ್ರಿಯಲ್' ಎಂಬ ಹಣೆಪಟ್ಟಿ ಅಂಟಿಸಿದ ಕೂಡಲೇ ತಯಾರಿಸಿದವರು ಪಾರಾಗುತ್ತಾರೆ. ಕನಸಿನ ಮೇಲೆ ಯಾರೂ ದಾವೆ ಹೂಡುವುದಿಲ್ಲವಲ್ಲ.

ಅವರು ಹುಟ್ಟಿದ್ದು 1915ರಲ್ಲಿ, ಫ್ಲಾರಿಡಾದ ಯೂಸ್ಟಿಸ್‌ನಲ್ಲಿ. ಅಟ್ಲಾಂಟಾದಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದು, ಹತ್ತು ವರ್ಷದ ಹೊತ್ತಿಗೆ ಕ್ಲೀವ್‌ಲ್ಯಾಂಡಿಗೆ ಬಂದರು. ದಕ್ಷಿಣದ ರಾಜ್ಯಗಳಿಂದ ಉತ್ತರದ ಕಾರ್ಖಾನೆ ಊರುಗಳಿಗೆ ಕಪ್ಪು ಕುಟುಂಬಗಳು ಲಕ್ಷಗಟ್ಟಲೆ ಗುಳೆ ಹೊರಟಿದ್ದ ಕಾಲ ಅದು. 1938ರಲ್ಲಿ ಕ್ಲೀವ್‌ಲ್ಯಾಂಡಿನ ಕಲಾಶಾಲೆಯಿಂದ ಹೊರಬಿದ್ದಾಗ ದೇಶ ಆರ್ಥಿಕ ಕುಸಿತದಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ರೂಸ್‌ವೆಲ್ಟ್ ಸರ್ಕಾರ ಕಲಾವಿದರಿಗೆ ಸಂಬಳ ಕೊಟ್ಟು ಕೆಲಸ ಮಾಡಿಸಿದ ಯೋಜನೆಯಲ್ಲಿ ಅವರು ಕಲ್ಲಚ್ಚಿನ ಚಿತ್ರಗಳನ್ನು ಮಾಡಿದರು. ಆಮೇಲೆ ಡೆಟ್ರಾಯ್ಟ್. ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಯಲ್ಲಿ ಎರಕದ ವಿಭಾಗದ ಕೆಲಸ. ಕಪ್ಪು ಕಾರ್ಮಿಕರನ್ನು ಹೆಚ್ಚಾಗಿ ದೂಡುತ್ತಿದ್ದದ್ದು ಆ ಕುಲುಮೆಗಳ ಕಡೆಗೇ. ಯುದ್ಧ ಬಂದಾಗ ನೌಕಾಪಡೆ ಸೇರಿ ಇಲಿನಾಯ್‌ನ ಗ್ರೇಟ್ ಲೇಕ್ಸ್ ತರಬೇತಿ ನೆಲೆಗೆ ಹೋದರು. ಕಪ್ಪು ನಾವಿಕರಿಗೆ ಅಲ್ಲಿ ಬೇರೆಯೇ ಶಿಬಿರ. ಆ ನೆಲೆಯಲ್ಲಿ ಇವರಿಗೆ ಸಿಕ್ಕ ಕೆಲಸ, ನೌಕಾಪಡೆಯಲ್ಲಿ ಕಪ್ಪು ಜನರ ಇತಿಹಾಸವನ್ನು ಭಿತ್ತಿಚಿತ್ರವಾಗಿ ಬರೆಯುವುದು. ಮಲಗಲು ಬೇರೆ ಜಾಗ ಕೊಟ್ಟು, ಗೋಡೆಯ ಮೇಲೆ 'ನಾವೆಲ್ಲ ಒಂದೇ ಪಡೆ' ಎಂದು ಬರೆಸಿಕೊಳ್ಳುವ ಸರ್ಕಾರದ ಅಡಿಯಲ್ಲಿ ದುಡಿದವರಿಗೆ ವಿಚಿತ್ರವನ್ನು ಹುಡುಕಿಕೊಂಡು ಪ್ಯಾರಿಸ್ಸಿಗೆ ಹೋಗುವ ಅಗತ್ಯ ಇರಲಿಲ್ಲ.

ಡಿ ಕಿರಿಕೊ ಹೋಲಿಕೆಯನ್ನೇ ಮೊದಲು ನೋಡೋಣ. ಅದು ಎಷ್ಟು ರೂಢಿಯಾಗಿದೆಯೆಂದರೆ ಪರೀಕ್ಷಿಸಿ ನೋಡುವ ಗೋಜಿಗೇ ಯಾರೂ ಹೋಗುವುದಿಲ್ಲ. 1910ರ ನಂತರದ ಕೆಲವು ವರ್ಷ ಡಿ ಕಿರಿಕೊ ಬರೆದ ಚೌಕಗಳಲ್ಲಿ ಕಮಾನುಗಳಿವೆ, ಅಮೃತಶಿಲೆಯ ಪ್ರತಿಮೆಯಿದೆ, ದಿಗಂತದಲ್ಲಿ ಹೊಗೆಯುಗುಳುವ ರೈಲಿದೆ, ಉದ್ದುದ್ದ ನೆರಳುಗಳಿವೆ. ಆ ಚೌಕದೊಳಗೆ ನಡೆದು ಹೋಗಲು ಪ್ರಯತ್ನಿಸಿ, ಸಾಧ್ಯವಿಲ್ಲ. ಎಡಗಡೆಯ ಕಟ್ಟಡದ ಗೆರೆಗಳು ಒಂದು ಬಿಂದುವಿನತ್ತ ಓಡಿದರೆ ಬಲಗಡೆಯವು ಇನ್ನೊಂದು ಕಡೆ ಓಡುತ್ತವೆ. ನೆಲ ಬೇಕೆಂದೇ ವಾಲಿದೆ. ಕಣ್ಣಿಗೆ ಮೋಸ ಮಾಡಲೆಂದೇ ಕಟ್ಟಿದ ಜಾಗ ಅದು. ಅದರ ಹಿಂದಿರುವುದು ಗ್ರೀಕ್-ರೋಮನ್ ಪ್ರಾಚೀನತೆಯ ಹಂಬಲ, ನೀಚೆಯ ಓದು, ಟ್ಯೂರಿನ್ ನಗರದ ನೆನಪು.

ಲೀ-ಸ್ಮಿತ್ ಅವರ ಬಯಲಿನಲ್ಲಿ ನೀವು ನಡೆದಾಡಬಹುದು. ಹತ್ತಿರದ ಗೋಡೆ ಹತ್ತಿರದಲ್ಲೇ ಇದೆ, ದೂರದ ಮನೆ ದೂರದಲ್ಲೇ ಇದೆ, ನಡುವಿನ ನೆಲವನ್ನು ಹೆಜ್ಜೆ ಹಾಕಿ ಅಳೆಯಬಹುದು. ಬೆಳಕು ಒಂದು ಕಡೆಯಿಂದ ಬರುತ್ತದೆ, ನೆರಳು ಅದಕ್ಕೆ ತಕ್ಕ ಕಡೆ ಬೀಳುತ್ತದೆ. ಕಲಾಶಾಲೆಯಲ್ಲಿ ಕೈ ಪಳಗಿಸಿಕೊಂಡವರ ಕಟ್ಟುನಿಟ್ಟು ಅದು. ಆಂದ್ರೆ ಬ್ರೆತೊ 1924ರ ಪ್ರಣಾಳಿಕೆಯಲ್ಲಿ ಸರ್ರಿಯಲಿಸಮ್ಮಿಗೆ ಕೊಟ್ಟ ಲಕ್ಷಣ, ಬುದ್ಧಿಯ ಕಾವಲಿಲ್ಲದೆ ಮನಸ್ಸು ತಾನಾಗಿ ಹರಿಯಬೇಕು ಎಂಬುದು. ಲೀ-ಸ್ಮಿತ್ ಕ್ಯಾನ್ವಾಸಿನಲ್ಲಿ ಕಾವಲಿಲ್ಲದ ಒಂದಂಗುಲವೂ ಸಿಗುವುದಿಲ್ಲ. ಇನ್ನು ಪಾಳು. ಡಿ ಕಿರಿಕೊನ ಪಾಳಿಗೆ ಎರಡು ಸಾವಿರ ವರ್ಷದ ಘನತೆ ಇದೆ. ಲೀ-ಸ್ಮಿತ್ ಅವರ ಪಾಳುಗೋಡೆಗೆ ಹೆಚ್ಚೆಂದರೆ ಐವತ್ತು ವರ್ಷ; ಅದನ್ನು ಕಟ್ಟಿದ ಮೇಸ್ತ್ರಿಯ ಮೊಮ್ಮಗ ಅದೇ ಊರಿನಲ್ಲಿ ಇನ್ನೂ ಕೂಲಿ ಮಾಡುತ್ತಿರಬಹುದು. ಕಾಲ ಸವೆಸಿದ ಗೋಡೆಗೂ ಕೆಡವಿದ ಗೋಡೆಗೂ ವ್ಯತ್ಯಾಸ ಗೊತ್ತಿರುವವನು ಮಾತ್ರ ಹೀಗೆ ಬರೆಯಬಲ್ಲ.

ಆ ಗೋಡೆಯ ಹತ್ತಿರವೇ ಹೋಗಿ ನೋಡೋಣ. 1953ರ 'ದಿ ಪೈಪರ್' ಈಗ ಡೆಟ್ರಾಯ್ಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ನಲ್ಲಿದೆ. ಒಬ್ಬ ಹುಡುಗ ಕೊಳಲು ಬಾಯಿಗಿಟ್ಟು ನಿಂತಿದ್ದಾನೆ. ಹಿಂದೆ ಗೋಡೆ. ನೋಡುಗರೆಲ್ಲ ಹುಡುಗನನ್ನೂ ಅವನ ಕೊಳಲನ್ನೂ ನೋಡಿ, 'ಹಾಳುಬಿದ್ದ ಜಗತ್ತಿನಲ್ಲಿ ಕಲೆಯ ದನಿ' ಎಂದು ಟಿಪ್ಪಣಿ ಬರೆದು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ನಾನು ಗೋಡೆಯ ಮುಂದೆ ನಿಲ್ಲುತ್ತೇನೆ. ಗಿಲಾವು ಹಪ್ಪಳದಂತೆ ಎದ್ದು ಉದುರಿದೆ, ಒಳಗಿನ ಇಟ್ಟಿಗೆ ಕಾಣುತ್ತದೆ. ಅಂಚುಗಳನ್ನು ಒಂದೊಂದಾಗಿ ಬಿಡಿಸಿ ಬರೆದಿದ್ದಾರೆ. ಇಷ್ಟು ತಾಳ್ಮೆ ಹುಡುಗನ ಮುಖಕ್ಕೂ ಸಂದಿಲ್ಲವೇನೋ ಅನ್ನಿಸುವಷ್ಟು. ಆ ಕಾಲದ ಅಮೆರಿಕದ ಉತ್ತರದ ಊರುಗಳಲ್ಲಿ ಇಟ್ಟಿಗೆ ಕಟ್ಟಡದ ಹೊರಮೈಗೆ ಸಾಮಾನ್ಯವಾಗಿ ಗಿಲಾವು ಮಾಡುತ್ತಿರಲಿಲ್ಲ. ಗಿಲಾವು, ಸುಣ್ಣಬಣ್ಣ ಎಲ್ಲ ಒಳಗೋಡೆಗೆ. ಹಾಗಿದ್ದರೆ ಗಿಲಾವು ಇರುವ ಗೋಡೆ ಬಯಲಿಗೆ ಬಿದ್ದಿದೆ ಎಂದರೇನು? ಒಂದು ಮನೆ ಕೆಡವಿದಾಗ ಪಕ್ಕದ ಕಟ್ಟಡಕ್ಕೆ ಅಂಟಿಕೊಂಡ ಅದರ ಒಳಗೋಡೆ ಹಾಗೇ ಉಳಿದುಬಿಡುತ್ತದೆ. ಯಾರದೋ ಮಲಗುವ ಕೋಣೆ ಬೀದಿಯವರೆಲ್ಲರ ಕಣ್ಣಿಗೆ ಬೀಳುತ್ತದೆ. ಹಾಗೆ ಓದಿದರೆ ಈ ಹುಡುಗ ನಿಂತಿರುವುದು ಬೀದಿಯಲ್ಲಲ್ಲ, ಇಲ್ಲವಾದ ಒಂದು ಮನೆಯೊಳಗೆ. ಮಾಡು ಹೋಗಿದೆ, ನೆಲ ಹೋಗಿದೆ, ಒಂದು ಗೋಡೆ ಮಾತ್ರ ಸಾಕ್ಷಿಗೆ ನಿಂತಿದೆ. ಕೊಳಲಿನ ಬಗ್ಗೆ ಮಾತಾಡುವ ಮೊದಲು ಇದನ್ನು ಹೇಳಬೇಡವೇ?

ಇದು ಡೆಟ್ರಾಯ್ಟಿನ ಇಂಥ ಬೀದಿ, ಇಂಥ ನಂಬರಿನ ಮನೆ ಎಂದು ನಾನು ಸಾಧಿಸಲು ಹೊರಟಿಲ್ಲ. ಲೀ-ಸ್ಮಿತ್ ಜಾಗದ ದಾಖಲೆ ಮಾಡುವ ಫೋಟೋಗ್ರಾಫರ್ ಆಗಿರಲಿಲ್ಲ. ಕಂಡದ್ದನ್ನು ಒಡೆದು, ಸ್ಟುಡಿಯೋದಲ್ಲಿ ಮತ್ತೆ ಜೋಡಿಸುತ್ತಿದ್ದವರು. ಆದರೆ ಜೋಡಿಸಲು ಬಳಸಿದ ಸಾಮಾನು ಎಲ್ಲಿಯದು ಎಂಬುದು ಗುಟ್ಟೇನಲ್ಲ.

ಡೆಟ್ರಾಯ್ಟಿನ ಪೂರ್ವಭಾಗದಲ್ಲಿ ಬ್ಲ್ಯಾಕ್ ಬಾಟಮ್ ಎಂಬ ಕೇರಿ ಇತ್ತು. ಪಕ್ಕದಲ್ಲಿ ಹೇಸ್ಟಿಂಗ್ಸ್ ಸ್ಟ್ರೀಟ್: ಅಂಗಡಿ, ಕ್ಷೌರದ ಅಂಗಡಿ, ಚರ್ಚು, ಬ್ಲೂಸ್ ಹಾಡುವ ಅಡ್ಡೆಗಳು. ದಕ್ಷಿಣದಿಂದ ಬಂದ ಕಪ್ಪು ಜನರಿಗೆ ಬೇರೆಲ್ಲೂ ಬಾಡಿಗೆಗೆ ಮನೆ ಕೊಡದಿದ್ದಾಗ ಎಲ್ಲರೂ ಒತ್ತೊತ್ತಾಗಿ ತುಂಬಿಕೊಂಡದ್ದು ಅಲ್ಲಿಯೇ. 1949ರಲ್ಲಿ ಕೇಂದ್ರದ ವಸತಿ ಕಾಯ್ದೆ ಬಂತು. ಕೊಳೆಗೇರಿ ಕೆಡವುವ ನಗರಗಳಿಗೆ ನಷ್ಟದ ಮೂರರಲ್ಲಿ ಎರಡು ಪಾಲನ್ನು ವಾಷಿಂಗ್ಟನ್ ಕೊಡುತ್ತದೆ ಎಂದಾಯಿತು. 1950ರಲ್ಲಿ ಆಲ್ಬರ್ಟ್ ಕೋಬೊ ಮೇಯರ್ ಆದರು, ಕೆಡವುವ ಕೆಲಸ ಶುರುವಾಯಿತು. ಸುಮಾರು 129 ಎಕರೆ. ಜನರನ್ನು ಎಬ್ಬಿಸಿದರು, ಮನೆ ಉರುಳಿಸಿದರು, ಆಮೇಲೆ ಕಟ್ಟುವವರು ಮುಂದೆ ಬರಲಿಲ್ಲ. ವರ್ಷಗಟ್ಟಲೆ ನೆಲ ಹಾಗೇ ಬಿತ್ತು. ಕಳೆ ಬೆಳೆಯಿತು. ಊರಿನವರು ಅದಕ್ಕೆ ಕಳೆಯ ಹೆಸರನ್ನೇ ಇಟ್ಟು ಗೇಲಿ ಮಾಡಿದರು: ರ‍್ಯಾಗ್‌ವೀಡ್ ಏಕರ್ಸ್. ಕೊನೆಗೆ 1956ರ ಹೊತ್ತಿಗೆ ಮೀಸ್ ವ್ಯಾನ್ ಡೆರ್ ರೋ ವಿನ್ಯಾಸದ ಗಾಜಿನ ಲಫಾಯೆಟ್ ಪಾರ್ಕ್ ಮೇಲೇಳತೊಡಗಿತು. ಕೆಡವಿದ ಮನೆಗಳವರಿಗೆ ಎಟುಕದ ಬಾಡಿಗೆಯದು. ಹೇಸ್ಟಿಂಗ್ಸ್ ಬೀದಿಯ ಮೇಲೆ ಕ್ರೈಸ್ಲರ್ ಹೆದ್ದಾರಿ ಹಾಯಿತು. ಇಂಥ ಕಾರ್ಯಕ್ರಮಗಳ ಒಟ್ಟು ಅರ್ಥ ಕಪ್ಪು ಜನರನ್ನು ಎತ್ತಂಗಡಿ ಮಾಡುವುದೇ ಎಂದು ಜೇಮ್ಸ್ ಬಾಲ್ಡ್‌ವಿನ್ 1963ರ ಟಿವಿ ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು.

ಲೀ-ಸ್ಮಿತ್ ಅವರ 'ಬಾಯ್ ವಿತ್ ಟೈರ್' 1952ರದು, 'ದಿ ಪೈಪರ್' 1953ರದು. ಕೇರಿಗಳನ್ನು ಕೆಡವಿ ನೆಲ ಬರಿದಾಗುತ್ತಿದ್ದ ವರ್ಷಗಳೇ ಅವು. ಬರೆದವರು ಅದೇ ಊರಿನಲ್ಲಿದ್ದರು. ಇಷ್ಟಾದ ಮೇಲೂ ಆ ಬಯಲಿಗೆ ಫ್ರಾಯ್ಡ್‌ನ ಕಡೆ ಬೆರಳು ತೋರಿಸುವುದು ವಿಮರ್ಶೆಯ ಸೋಮಾರಿತನ. 'ಬಾಯ್ ವಿತ್ ಟೈರ್'ನಲ್ಲಿ ಟೈರು ಕೂಡ ಸುಮ್ಮನೆ ಬಂದದ್ದಲ್ಲ. ಕಾರಿನ ರಾಜಧಾನಿ ಎನಿಸಿದ ಊರಿನಲ್ಲಿ ಕಾರಿನ ಒಂದು ಹಳೆಯ ಬಿಡಿಭಾಗ ಮಾತ್ರ ಈ ಹುಡುಗನ ಪಾಲಿಗೆ ಬಂದಿದೆ. ಅವನ ಮುಖದಲ್ಲಿ ದೂರಿಲ್ಲ, ಗೋಳಿಲ್ಲ. ಸಮಾಜವಾದಿ ಪೋಸ್ಟರ್ ಆಗಿದ್ದರೆ ಆ ಮುಖ ನಮ್ಮತ್ತ ತಿರುಗಿ ನ್ಯಾಯ ಕೇಳುತ್ತಿತ್ತು. ಇಲ್ಲಿ ಹುಡುಗ ಏನನ್ನೂ ಕೇಳುವುದಿಲ್ಲ. ಹಾಗಾಗಿಯೇ ನೋಡುವವನಿಗೆ ಕೊಟ್ಟು ಕೈತೊಳೆದುಕೊಳ್ಳುವ ಅನುಕೂಲ ಇಲ್ಲ.

ಇನ್ನೊಂದು ತಾರೀಖು ಗಮನಿಸಬೇಕು. 1950ರ ಜನಗಣತಿಯಲ್ಲಿ ಡೆಟ್ರಾಯ್ಟಿನ ಜನಸಂಖ್ಯೆ ಸುಮಾರು 18.5 ಲಕ್ಷ. ಆ ಊರು ಅದಕ್ಕಿಂತ ಮೇಲೆ ಎಂದೂ ಹೋಗಲಿಲ್ಲ. ಕಾರ್ಖಾನೆಗಳು ಹಗಲೂ ರಾತ್ರಿ ಓಡುತ್ತಿದ್ದವು, ಪತ್ರಿಕೆಗಳ ತುಂಬ ಹೊಸ ಮಾದರಿಯ ಕಾರುಗಳ ಜಾಹೀರಾತು. ಊರು ತುಂಬಿ ತುಳುಕುತ್ತಿದ್ದಾಗ ಈ ಮನುಷ್ಯ ಬರೆದದ್ದು ಖಾಲಿ ನೆಲ. ಅರುವತ್ತು ವರ್ಷದ ನಂತರ, 2010ರ ಗಣತಿಯಲ್ಲಿ ಜನ ಏಳು ಲಕ್ಷದ ಆಸುಪಾಸಿಗೆ ಇಳಿದಾಗ, ಹೊರಗಿನಿಂದ ಫೋಟೋಗ್ರಾಫರುಗಳ ದಂಡೇ ಬಂದು ಪಾಳುಬಿದ್ದ ರೈಲು ನಿಲ್ದಾಣ, ನಾಟಕಶಾಲೆಗಳ ಚಿತ್ರ ತೆಗೆದು ದಪ್ಪ ಪುಸ್ತಕಗಳನ್ನು ಮಾಡಿತು. ನೋಡಿದವರು 'ಎಷ್ಟು ಸರ್ರಿಯಲ್!' ಎಂದು ಉದ್ಗರಿಸಿದರು. ಲೀ-ಸ್ಮಿತ್ ಮುಂದಾಗುವುದನ್ನು ಕಂಡ ದಾರ್ಶನಿಕರು ಎಂದು ಹೊಗಳುವವರೂ ಇದ್ದಾರೆ. ಅದೂ ಸರಿಯಲ್ಲ. ದಾರ್ಶನಿಕತೆ ಬೇಕಾಗಿರಲಿಲ್ಲ, ಕಪ್ಪು ಜನರ ಪಾಲಿಗೆ ಊರು ಆಗಲೇ ಖಾಲಿಯಾಗತೊಡಗಿತ್ತು. ಉಳಿದವರಿಗೆ ಸುದ್ದಿ ತಲುಪಲು ಅರುವತ್ತು ವರ್ಷ ಹಿಡಿಯಿತು ಅಷ್ಟೆ.

ಗೋಡೆಯ ಮಾತು ಇನ್ನೂ ಮುಗಿದಿಲ್ಲ. ಡೆಟ್ರಾಯ್ಟಿನ ಉತ್ತರದ ಅಂಚಿನಲ್ಲಿ, ಎಂಟನೇ ಮೈಲಿ ರಸ್ತೆಯ ಬಳಿ, ಆರಡಿ ಎತ್ತರದ ಕಾಂಕ್ರೀಟ್ ಗೋಡೆಯೊಂದು ಅರ್ಧ ಮೈಲಿ ಉದ್ದಕ್ಕೆ ಇಂದಿಗೂ ನಿಂತಿದೆ. ಕಟ್ಟಿದ್ದು 1941ರಲ್ಲಿ. ಒಂದು ಪಕ್ಕ ಕಪ್ಪು ಜನರ ಮನೆಗಳು, ಇನ್ನೊಂದು ಪಕ್ಕ ಬಿಳಿಯರಿಗೆಂದು ಎಬ್ಬಿಸಲು ಹೊರಟಿದ್ದ ಬಡಾವಣೆ. ಕಪ್ಪು ಜನ ಇಷ್ಟು ಹತ್ತಿರ ಇದ್ದರೆ ಗೃಹಸಾಲಕ್ಕೆ ಜಾಮೀನು ಕೊಡುವುದಿಲ್ಲ ಎಂದು ಸರ್ಕಾರದ ಸಂಸ್ಥೆ ಹೇಳಿತು. ಬಡಾವಣೆಯವನು ಗೋಡೆ ಕಟ್ಟಿದ, ಜಾಮೀನು ಸಿಕ್ಕಿತು. ಆ ಗೋಡೆ ಯಾವ ಮನೆಯದೂ ಅಲ್ಲ, ಏನನ್ನೂ ಹೊರುವುದಿಲ್ಲ, ಹತ್ತಿ ದಾಟಿದರೆ ದಾಟಬಹುದು. ಸಾಲದ ಕಡತಕ್ಕೆಂದು ಕಟ್ಟಿದ ಗೋಡೆ ಅದು. ಲೀ-ಸ್ಮಿತ್ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಗೋಡೆಗಳೂ ಹೀಗೆಯೇ: ಯಾವ ಕಟ್ಟಡಕ್ಕೂ ಸೇರದವು, ಏನನ್ನೂ ರಕ್ಷಿಸದವು, ಬಯಲಿನ ನಡುವೆ ಕಾರಣವಿಲ್ಲದೆ ಎದ್ದು ನಿಂತವು. ವಿಮರ್ಶಕರು ಇವನ್ನು ಮನಸ್ಸಿನೊಳಗಿನ ಗೋಡೆಯ ಸಂಕೇತ ಎನ್ನುತ್ತಾರೆ. ಮನೆ ಮಾರುವಾಗ ಕಪ್ಪು ಜನರಿಗೆ ಮಾರಕೂಡದು ಎಂದು ಕ್ರಯಪತ್ರದಲ್ಲೇ ಷರತ್ತು ಬರೆಯುತ್ತಿದ್ದ ದೇಶದಲ್ಲಿ ಸಂಕೇತ ಯಾರಿಗೆ ಬೇಕಿತ್ತು? ಆ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಕೂಡದು ಎಂದು 1948ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಅದರ ಮುಂದಿದ್ದ ಪ್ರಕರಣಗಳಲ್ಲಿ ಒಂದು ಡೆಟ್ರಾಯ್ಟಿನದೇ.

ನೀರಿನ ವಿಚಾರವನ್ನೂ ಹೇಳಿಬಿಡುತ್ತೇನೆ. ಅವರ ಹಲವು ಚಿತ್ರಗಳ ಹಿಂಬದಿಯಲ್ಲಿ ಸಪಾಟಾದ ನೀರಿದೆ. ಅದನ್ನು 'ಅನಂತ' ಎಂದು ಓದುವುದು ವಾಡಿಕೆ. ಕ್ಲೀವ್‌ಲ್ಯಾಂಡ್ ಇರುವುದು ಈರಿ ಸರೋವರದ ದಡದಲ್ಲಿ. ಡೆಟ್ರಾಯ್ಟಿನ ನದಿಯಾಚೆ ಕಾಣುವುದು ಕೆನಡಾ. ಗುಲಾಮಗಿರಿಯ ಕಾಲದಲ್ಲಿ ತಪ್ಪಿಸಿಕೊಂಡು ಬಂದವರು ಬಿಡುಗಡೆಗೆಂದು ದಾಟುತ್ತಿದ್ದ ನೀರು ಅದು. 1943ರ ಜೂನ್‌ನಲ್ಲಿ 34 ಜನರನ್ನು ಬಲಿ ತೆಗೆದುಕೊಂಡ ಜನಾಂಗೀಯ ಗಲಭೆ ಹೊತ್ತಿಕೊಂಡದ್ದೂ ಆ ನದಿಯ ನಡುವಿನ ಬೆಲ್ ಐಲ್ ಎಂಬ ವಿಹಾರದ್ವೀಪದಲ್ಲಿ. ಸತ್ತವರಲ್ಲಿ 25 ಮಂದಿ ಕಪ್ಪು ಜನ. ಲೀ-ಸ್ಮಿತ್ ದಡದಲ್ಲಿ ಒಬ್ಬರನ್ನು ನಿಲ್ಲಿಸಿದಾಗ ಈ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ನಿಲ್ಲಿಸಿದರು ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಆ ನೀರಿಗೆ ಅನಂತಕ್ಕಿಂತ ಹತ್ತಿರದ ವಿಳಾಸಗಳಿವೆ.

ಸ್ಮಿತ್ಸೋನಿಯನ್ ಸಂಗ್ರಹದಲ್ಲಿರುವ 'ದಿ ಸ್ಟ್ರೇಂಜರ್' 1957-58ರ ಸುಮಾರಿನದು. ಹುಲ್ಲುನೆಲದಲ್ಲಿ ಒಬ್ಬ ನಿಂತಿದ್ದಾನೆ, ದೂರದಲ್ಲಿ ಮನೆಗಳು ಗುಂಪಾಗಿವೆ. ನಡುವೆ ಬಯಲು. ಚಿತ್ರದಲ್ಲಿ ಆಗುತ್ತಿರುವುದು ಇಷ್ಟೇ. ಊರು ಮತ್ತು ಕೇರಿಯ ನಡುವೆ ಬಿಟ್ಟ ಜಾಗವನ್ನು ಬಲ್ಲ ಕನ್ನಡದ ಓದುಗರಿಗೆ ಈ ಬಯಲನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಜನಾಂಗ ಬೇರೆ, ಜಾತಿ ಬೇರೆ. ಆದರೆ ಬಯಲನ್ನು ಬೇಕೆಂದೇ ಬಿಡುತ್ತಾರೆ, ಅದು ತಾನಾಗಿ ಬಿದ್ದಿರುವುದಿಲ್ಲ ಎಂಬ ತಿಳಿವಳಿಕೆ ಎರಡೂ ಕಡೆ ಕೆಲಸಕ್ಕೆ ಬರುತ್ತದೆ. ಚಿತ್ರದ ಹೆಸರನ್ನು ನೋಡಿ 'ಎಲ್ಲರೂ ಈ ಜಗತ್ತಿನಲ್ಲಿ ಅಪರಿಚಿತರೇ' ಎಂದು ತತ್ವ ಹೇಳಬಹುದು. ಇಲ್ಲವೇ ಆ ಮನೆಗಳವರು ಇವನನ್ನು ಅಪರಿಚಿತ ಎಂದು ಕರೆದಿದ್ದಾರೆ ಎಂದು ನೇರವಾಗಿ ಓದಬಹುದು. ಎರಡನೆಯ ಓದಿನಲ್ಲಿ ಚಿತ್ರದೊಳಗೆ ಕಾಣದ ಜನ ಬಂದು ಸೇರುತ್ತಾರೆ. ಕಿಟಕಿಗಳ ಹಿಂದೆ ಯಾರೋ ಇದ್ದಾರೆ.

ನಮ್ಮಲ್ಲೂ ಈ ಚಿತ್ರಗಳನ್ನು ಕಂಡವರು ಮೊದಲು ಎತ್ತಿಕೊಳ್ಳುವ ಪದ 'ಅನಾಥಪ್ರಜ್ಞೆ'. ನವ್ಯರಿಂದ ಕಲಿತ ಪಾಠ ಅದು. ಸಾರ್ತ್ರೆ, ಕಾಮು ಓದಿಕೊಂಡ ತಲೆಮಾರು ಒಂಟಿ ಮನುಷ್ಯನನ್ನು ಎಲ್ಲಿ ಕಂಡರೂ ಅವನೊಳಗೆ ಇಳಿಯಿತು, ಅವನ ಸುತ್ತ ನೋಡಲಿಲ್ಲ. ಎಪ್ಪತ್ತರ ದಶಕದಲ್ಲಿ ದಲಿತ-ಬಂಡಾಯದವರು ಬಂದು ಒಂಟಿತನಕ್ಕೂ ಜಾತಿಯಿದೆ ಎಂದು ನೆನಪಿಸಬೇಕಾಯಿತು. ಅಮೆರಿಕದ ಕಲಾವಿಮರ್ಶೆ ಲೀ-ಸ್ಮಿತ್ ವಿಷಯದಲ್ಲಿ ಬಹಳ ಕಾಲ ನವ್ಯದಲ್ಲೇ ಕೂತಿತ್ತು. ಕಲಾವಿದರೇ ದಾರಿ ತೋರಿಸಿದ್ದರೂ ಅದು ಕೇಳಿಸಿಕೊಳ್ಳಲಿಲ್ಲ. ತಮ್ಮ ಚಿತ್ರಗಳ ಒಂಟಿತನ ತಾನು ಕಪ್ಪು ಮನುಷ್ಯನಾಗಿರುವುದರಿಂದಲೇ ಬಂದಿರಬೇಕು, ಅರಿವಿಗೆ ಬಾರದಂತೆ ಬಂದಿರಬೇಕು ಎಂಬರ್ಥದ ಮಾತನ್ನು ಅವರು ಸಂದರ್ಶನದಲ್ಲಿ ಹೇಳಿದ್ದಾರೆ. ಆ ಮಾತನ್ನು ಉದ್ಧರಿಸಿದವರೇ ಮುಂದಿನ ಸಾಲಿನಲ್ಲಿ 'ಆದರೂ ಇವರ ಕಲೆ ಜನಾಂಗವನ್ನು ಮೀರಿದ್ದು' ಎಂದು ಬರೆಯುತ್ತಾರೆ. ಮೀರಿದ್ದು ಎನ್ನುವುದು ಹೊಗಳಿಕೆ ಎಂದು ಅವರು ನಿಜಕ್ಕೂ ನಂಬಿದ್ದಾರೆ. ಹಾಪರ್‌ನ ಹೋಟೆಲಿನಲ್ಲಿ ಕೂತ ಬಿಳಿಯರು ಬಿಳಿತನವನ್ನು ಮೀರಿದ್ದಾರೆಯೇ ಎಂದು ಯಾರಾದರೂ ಕೇಳಿದ್ದುಂಟೇ?

ಇದಕ್ಕೆ ಎದುರು ದಿಕ್ಕಿನಿಂದ ಬಂದ ಇನ್ನೊಂದು ಒಪ್ಪಿತ ಅಭಿಪ್ರಾಯವೂ ಇದೆ, ಅದನ್ನೂ ನಾನು ಒಪ್ಪುವುದಿಲ್ಲ. 1960ರ ದಶಕದ ಕೊನೆಗೆ ಕಪ್ಪು ಕಲಾಚಳವಳಿ ಬಿಸಿಯೇರಿದಾಗ, ಕಲೆ ಜನರನ್ನು ಎಬ್ಬಿಸಬೇಕು, ಬಣ್ಣ ಉರಿಯಬೇಕು, ಆಫ್ರಿಕದ ಲಯ ಕಾಣಬೇಕು ಎಂಬ ಒತ್ತಾಯ ಬಂತು. ಷಿಕಾಗೊದಲ್ಲಿ 1968ರಲ್ಲಿ ಹುಟ್ಟಿದ ಆಫ್ರಿಕೋಬ್ರಾ ಗುಂಪು ಅದರ ಗಟ್ಟಿ ದನಿ. ಆ ಗುಂಪಿನ ಸ್ಥಾಪಕರಲ್ಲೊಬ್ಬರಾದ ಜೆಫ್ ಡೊನಾಲ್ಡ್‌ಸನ್ 1970ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದ ಕಲಾವಿಭಾಗದ ಮುಖ್ಯಸ್ಥರಾಗಿ ಬಂದರು. ಲೀ-ಸ್ಮಿತ್ 1969ರಿಂದ 71ರವರೆಗೆ ಅಲ್ಲೇ ಅತಿಥಿ ಕಲಾವಿದರು. ಒಂದೇ ಕಟ್ಟಡದಲ್ಲಿ ಉರಿಯುವ ಕೆಂಪು-ಹಳದಿ ಭಿತ್ತಿಚಿತ್ರಗಳ ಕನಸೂ ಬೂದು-ಹಸಿರು ಆಕಾಶದ ಕೆಳಗಿನ ಒಂಟಿ ಮನುಷ್ಯರೂ! ಆ ಕಾಲದ ಕಣ್ಣಿಗೆ ಇವರು ತಣ್ಣಗಿನವರಾಗಿ, ನ್ಯಾಷನಲ್ ಅಕಾಡೆಮಿಯ ದೊಡ್ಡ ಮನುಷ್ಯರಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 1963ರಲ್ಲಿ ಆ ಅಕಾಡೆಮಿಯ ಸಹಸದಸ್ಯರಾಗಿ, 1967ರಲ್ಲಿ ಪೂರ್ಣ ಸದಸ್ಯರಾಗಿ ಆಯ್ಕೆಯಾಗಿದ್ದರು. ಅವರಿಗಿಂತ ಮೊದಲು ಆ ಮರ್ಯಾದೆ ಪಡೆದ ಕಪ್ಪು ಕಲಾವಿದ ಹೆನ್ರಿ ಒಸಾವಾ ಟ್ಯಾನರ್ ಒಬ್ಬರೇ, 1927ರಲ್ಲಿ. ಅಂದರೆ ನಲವತ್ತು ವರ್ಷ ಆ ಬಾಗಿಲು ಮುಚ್ಚಿಯೇ ಇತ್ತು. ಇಂಥ ಮನೆಯೊಳಗೆ ಹೋದವರನ್ನು ಹೊರಗಿನವರು ಅನುಮಾನದಿಂದ ನೋಡುವುದು ಸಹಜ.

ಆದರೆ ಅನುಮಾನಿಸಿದವರು ಚಿತ್ರದಲ್ಲಿ ಮನುಷ್ಯನನ್ನು ಮಾತ್ರ ನೋಡಿದರು: ಮುಷ್ಟಿ ಎತ್ತಿದ್ದಾನೆಯೇ, ಇಲ್ಲವೇ? ಲೀ-ಸ್ಮಿತ್ ತಮ್ಮ ರಾಜಕೀಯವನ್ನೆಲ್ಲ ಹಾಕಿದ್ದು ಜಾಗಕ್ಕೆ. ಎತ್ತಂಗಡಿ ಎಂಬುದು ಮೆರವಣಿಗೆಯಂತೆ ಕಣ್ಣಿಗೆ ಕಾಣುವ ಘಟನೆಯಲ್ಲ. ಮನೆ ಹೋದ ಮೇಲೆ ಉಳಿಯುವುದು ನೆಲ. ಆ ನೆಲವನ್ನು ಬರೆಯಬೇಕು. ಮೂವತ್ತರ ದಶಕದ ಸಾಮಾಜಿಕ ವಾಸ್ತವವಾದದಿಂದ ಶುರುವಾದವರು ಆಮೇಲೆ ಅದನ್ನು ಬಿಟ್ಟರು ಎಂಬ ಕಥೆಯನ್ನು ಎರಡು ಬಣದವರೂ ಹೇಳುತ್ತಾರೆ, ಒಬ್ಬರು ಮೆಚ್ಚಿ, ಇನ್ನೊಬ್ಬರು ಬೈದು. ಅವರು ಏನನ್ನೂ ಬಿಡಲಿಲ್ಲ. ಗುಂಪನ್ನು ತೆಗೆದರು, ಬೀದಿಯನ್ನು ಉಳಿಸಿಕೊಂಡರು. ನಗರಾಡಳಿತ ಮಾಡಿದ್ದೂ ಅದನ್ನೇ ತಾನೆ?

ಈಗ ಕಷ್ಟದ ಪ್ರಶ್ನೆ. ಅವರ ಅನೇಕ ಚಿತ್ರಗಳಲ್ಲಿ ನಿಂತಿರುವವರು ಬಿಳಿಯರು. ಕೆಲವರು ಕಪ್ಪೋ ಬಿಳಿಯೋ ಹೇಳಲು ಬರುವುದಿಲ್ಲ. ಕೆಡವಿದ್ದು ಕಪ್ಪು ಜನರ ಕೇರಿಯಾದರೆ ಅಲ್ಲಿ ಈ ಬಿಳಿ ಹೆಣ್ಣುಮಗಳಿಗೇನು ಕೆಲಸ? ಮಾರುಕಟ್ಟೆಗೆ ಹೊಂದಿಕೊಂಡರು ಎನ್ನುವವರಿದ್ದಾರೆ. ಕೊಳ್ಳುವವರು ಬಹುಪಾಲು ಬಿಳಿಯರಾಗಿದ್ದ ಕಾಲದಲ್ಲಿ ಹಾಗೆ ಲೆಕ್ಕ ಹಾಕಿರಲಾರರು ಎಂದು ಆಣೆ ಮಾಡಲು ನಾನು ತಯಾರಿಲ್ಲ. ಆದರೆ ಆ ಉತ್ತರ ಚಿತ್ರದೊಳಗೆ ಆಗುವುದನ್ನು ವಿವರಿಸುವುದಿಲ್ಲ. ಇಬ್ಬರಿರುವ ಚಿತ್ರಗಳನ್ನು ನೋಡಿ. ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ. ಒಬ್ಬರ ಮುಖ ನಮ್ಮತ್ತ, ಇನ್ನೊಬ್ಬರ ಬೆನ್ನು ನಮ್ಮತ್ತ. ನೋಟ ನೋಟವನ್ನು ಸಂಧಿಸದಂತೆ ಲೆಕ್ಕ ಹಾಕಿ ನಿಲ್ಲಿಸಿದ್ದಾರೆ. ಬೇರ್ಪಡಿಸುವಿಕೆ ಎಂದರೆ ಒಂದು ಕಡೆಯವರನ್ನು ಮಾತ್ರ ಕೂಡಿಹಾಕುವುದು ಎಂದು ಬಿಳಿಯರ ಉದಾರ ಮನಸ್ಸು ತಿಳಿದಿತ್ತು. ಕರುಣೆ ತೋರಿಸುವುದು ತಮ್ಮ ಪಾಲು ಎಂದುಕೊಂಡಿತ್ತು. ಗೋಡೆಗೆ ಎರಡು ಪಕ್ಕ ಇರುತ್ತದೆ ಎಂದು ಈ ಚಿತ್ರಗಳು ಹೇಳುತ್ತವೆ. ಬಿಳಿ ಹುಡುಗಿಯನ್ನು ಅದೇ ಬಯಲಿಗೆ ತಂದು ನಿಲ್ಲಿಸಿದ್ದು ಅವಳನ್ನು ಓಲೈಸಲಿಕ್ಕಲ್ಲ ಎಂದೇ ನನ್ನ ಓದು. ನೀನೂ ಇಲ್ಲೇ ಇದ್ದೀಯೆ, ನಿನಗೆ ಗೊತ್ತಿಲ್ಲ ಅಷ್ಟೆ, ಎಂದು ತೋರಿಸಲಿಕ್ಕೆ.

ರಾಲ್ಫ್ ಎಲಿಸನ್ ಅವರ ಕಾದಂಬರಿ 'ಇನ್‌ವಿಸಿಬಲ್ ಮ್ಯಾನ್' ಬಂದದ್ದು 1952ರಲ್ಲಿ, ಟೈರಿನ ಹುಡುಗನ ವರ್ಷದಲ್ಲಿಯೇ. ಅಲ್ಲಿ ಕಾಣಿಸದ ಮನುಷ್ಯ ನೆಲಮಾಳಿಗೆಗೆ ಇಳಿದು, 1,369 ಬಲ್ಬುಗಳನ್ನು ಹೊತ್ತಿಸಿಕೊಂಡು ತನಗೆ ತಾನೇ ಬೆಳಕು ಮಾಡಿಕೊಳ್ಳುತ್ತಾನೆ. ಲೀ-ಸ್ಮಿತ್ ಅವರ ಮನುಷ್ಯನಿಗೆ ಬೆಳಕಿನ ಕೊರತೆಯಿಲ್ಲ. ಹಾಡಹಗಲಲ್ಲಿ, ಅಡ್ಡಲಾಗಿ ಒಂದು ಮರವೂ ಇಲ್ಲದ ಬಯಲಲ್ಲಿ ನಿಂತಿದ್ದಾನೆ. ಕಾಣದಿರಲು ಯಾವ ನೆವವೂ ಇಲ್ಲ. ಎಲಿಸನ್ ಕಾದಂಬರಿಯನ್ನು ಯಾರೂ ಕನಸಿನ ಕಥೆ ಎಂದು ಕರೆದು ಬದಿಗಿಡಲಿಲ್ಲ. ಅದರಲ್ಲಿ ಕನಸಿನಂಥ ಪ್ರಸಂಗಗಳು ಬೇಕಾದಷ್ಟಿದ್ದರೂ. ಕಾದಂಬರಿಕಾರನಿಗೆ ಸಿಕ್ಕ ಗೌರವ ಚಿತ್ರಕಾರನಿಗೆ ಸಿಗದಿದ್ದುದಕ್ಕೆ ಕಾರಣ ಸರಳ ಇರಬೇಕು: ಕಾದಂಬರಿ ತನ್ನ ಊರಿನ ಹೆಸರು ಹೇಳುತ್ತದೆ, ಚಿತ್ರ ಹೇಳುವುದಿಲ್ಲ.

ರಿಬ್ಬನ್ನು, ಬಲೂನು ಇವುಗಳಿಗೆ ಏನು ಹೇಳುತ್ತೀರಿ ಎಂದು ಎದುರುವಾದ ಬರುವುದು ಖಂಡಿತ. ಪಾಳು ನೆಲದಲ್ಲಿ ಕಂಬ ನೆಟ್ಟು ಕಟ್ಟಿದ ಬಣ್ಣದ ರಿಬ್ಬನ್ನುಗಳು ಗಾಳಿಗೆ ಹಾರುತ್ತಿರುತ್ತವೆ. 1960ರ 'ಮ್ಯಾನ್ ವಿತ್ ಬಲೂನ್ಸ್'ನಂಥ ಚಿತ್ರಗಳನ್ನು ವಾಸ್ತವದ ಲೆಕ್ಕಕ್ಕೆ ಹಾಕುವುದು ಕಷ್ಟವೇ. ಅಟ್ಲಾಂಟಾದಲ್ಲಿ ಅಜ್ಜಿಯ ಮನೆಯ ಹತ್ತಿರ ಜಾತ್ರೆಯಂಥ ಕಾರ್ನಿವಲ್ ಬಂದಾಗ ಹುಡುಗನನ್ನು ಅಜ್ಜಿ ಹೋಗಗೊಡುತ್ತಿರಲಿಲ್ಲ ಎಂಬ ನೆನಪನ್ನು ಅವರು ಹೇಳಿಕೊಂಡಿದ್ದರು. ಮರ್ಯಾದಸ್ತರ ಮಕ್ಕಳು ಅಂಥಲ್ಲಿಗೆ ಹೋಗುವುದಿಲ್ಲ ಎಂಬುದು ಅಜ್ಜಿಯ ಕಟ್ಟು. ಸದ್ದು ಕೇಳಿಸುತ್ತದೆ, ಬಣ್ಣ ಕಾಣುತ್ತದೆ, ಹೋಗುವಂತಿಲ್ಲ. ಈ ನೆನಪಿನ ಬಲದಿಂದ ಮೊದಮೊದಲ ರಿಬ್ಬನ್ನುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಯಾರದೋ ಹಬ್ಬ ನಡೆದು ಮುಗಿದಿದೆ, ಇಲ್ಲಿ ನಿಂತವರಿಗೆ ಕರೆ ಬಂದಿರಲಿಲ್ಲ.

ಆಮೇಲಿನ ಮಾತು ಬೇರೆ. 1958ರಲ್ಲಿ ನ್ಯೂಯಾರ್ಕಿಗೆ ಬಂದು, 1972ರಿಂದ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಪಾಠ ಹೇಳುತ್ತಾ ವರ್ಷಗಳು ಕಳೆದಂತೆ ರಿಬ್ಬನ್ನು ಒಂದು ಚಾಳಿಯಾಯಿತು. 1987ರ 'ಫೆಸ್ಟಿವಲ್ಸ್ ಎಂಡ್' ಹೊತ್ತಿಗೆ ನೆಲ ವೇದಿಕೆಯಾಗಿದೆ, ಗೋಡೆ ರಂಗಸಜ್ಜಿಕೆಯಾಗಿದೆ. ಗಿಲಾವು ಉದುರುವುದೂ ಚಂದಕ್ಕೆ ಉದುರುತ್ತದೆ. ಕೈಚಳಕ ಹೆಚ್ಚಿತು, ನೆಲದ ಋಣ ಕಡಿಮೆಯಾಯಿತು. ಈ ಕಾಲದ ಚಿತ್ರಗಳನ್ನು ಯಾರಾದರೂ ಸರ್ರಿಯಲ್ ಎಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಅವುಗಳಲ್ಲಿ ಸುಮಾರು ಚಿತ್ರಗಳು ನನಗೆ ಬೇಕಾಗಿಯೂ ಇಲ್ಲ.

ತೊಂದರೆ ಆದದ್ದು ಇಲ್ಲಿಯೇ. ಅವರ ಮೊದಲ ದೊಡ್ಡ ಸಿಂಹಾವಲೋಕನ ಪ್ರದರ್ಶನ ನಡೆದದ್ದು 1988ರಲ್ಲಿ, ಟ್ರೆಂಟನ್ನಿನ ನ್ಯೂಜೆರ್ಸಿ ಸ್ಟೇಟ್ ಮ್ಯೂಸಿಯಂನಲ್ಲಿ; ಆಗ ಅವರಿಗೆ ಎಪ್ಪತ್ತು ದಾಟಿತ್ತು. ನ್ಯೂಯಾರ್ಕಿನ ಮೊದಲ ಕಪ್ಪು ಮೇಯರ್ ಡೇವಿಡ್ ಡಿಂಕಿನ್ಸ್ ಅವರ ಅಧಿಕೃತ ಭಾವಚಿತ್ರ ಬರೆದದ್ದು 1994ರಲ್ಲಿ. ತೀರಿಕೊಂಡದ್ದು 1999ರಲ್ಲಿ, ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ. ಹೆಸರು ತಡವಾಗಿ ಬಂತು, ಬಂದಾಗ ಕೈಗೆ ಸಿಕ್ಕಿದ್ದು ರಿಬ್ಬನ್ನು-ವೇದಿಕೆಗಳ ಲೀ-ಸ್ಮಿತ್. ಆ ಕನ್ನಡಕ ಹಾಕಿಕೊಂಡು ವಿಮರ್ಶೆ ಹಿಂದಕ್ಕೆ ನಡೆಯಿತು. 1952-53ರ ಡೆಟ್ರಾಯ್ಟಿನ ಹುಡುಗರನ್ನೂ ಅದೇ ರಂಗದ ಮೇಲೆ ಹತ್ತಿಸಿ ನಿಲ್ಲಿಸಿತು. ಮುದಿ ವಯಸ್ಸಿನ ಚಿತ್ರಗಳನ್ನು ಬೇರೆ ಕೋಣೆಯಲ್ಲಿ ತೂಗುಹಾಕಿ, ಟೈರಿನ ಹುಡುಗನನ್ನೂ ಪೈಪರ್‌ನನ್ನೂ ಬ್ಲ್ಯಾಕ್ ಬಾಟಮ್‌ನ ಭೂಸ್ವಾಧೀನದ ನಕ್ಷೆಗಳ ಪಕ್ಕದಲ್ಲಿಡುವ ಒಂದು ಪ್ರದರ್ಶನ ಆಗಬೇಕು, ಆಗುವುದಾದರೆ ಡೆಟ್ರಾಯ್ಟಿನಲ್ಲೇ ಆಗಬೇಕು.